1998ರ ಹೆಲ್ ಇನ್ ಎ ಸೆಲ್, ಅಂಡರ್‌ಟೇಕರ್ ವರ್ಸಸ್ ಮ್ಯಾನ್‌ಕೈಂಡ್: ಈಗ ಮತ್ತೆ ಪೂರ್ತಿ ನೋಡಿದವರು ಯಾರಿದ್ದೀರಿ?

ಟ್ರಂಪ್‌ಕಾರ್ಡ್_ಶೂರ

ಶನಿವಾರ ರಾತ್ರಿ ಕೂತು ಪೂರ್ತಿ ನೋಡಿದೆ ಸ್ವಾಮಿ. ಹೆಲ್ ಇನ್ ಎ ಸೆಲ್ ಅಂದ್ರೆ ರಿಂಗಿನ ಸುತ್ತಲೂ ಮೇಲೂ ಜಾಲರಿ ಪಂಜರ ಮುಚ್ಚಿ ಆಡೋ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ರಸ್ಲಿಂಗ್ ಪಂದ್ಯ. ಮ್ಯಾನ್‌ಕೈಂಡ್ ಬಂದು ಕುರ್ಚಿನ ಪಂಜರದ ಮೇಲಕ್ಕೆ ಎಸೆಯೋದ್ರಿಂದ ಹಿಡಿದು, ಎಲ್ಲಾ ಮುಗಿದ ಮೇಲೆ ಸ್ಟ್ರೆಚರ್ ಬೇಡ ಅಂತ ನಡ್ಕೊಂಡೇ ಒಳಗೆ ಹೋಗೋವರೆಗೆ. 1998 ಜೂನ್ 28, ಪಿಟ್ಸ್‌ಬರ್ಗ್‌ನ ಸಿವಿಕ್ ಅರೀನಾ, ಕಿಂಗ್ ಆಫ್ ದ ರಿಂಗ್ ಶೋ. ನನ್ನ ತಲೇಲಿ ಅದು ಒಂದು ಗಂಟೆ ನಡೆದ ಯುದ್ಧ ಅಂತ ಕೂತಿತ್ತು. ಇರೋದು ಹದಿನೇಳು ನಿಮಿಷದ ಆಸುಪಾಸು ಅಷ್ಟೇ.

ಎಲ್ಲರಿಗೂ ನೆನಪಿರೋದು ಮೊದಲ ಬೀಳು. ಪಂಜರದ ತುದಿಯಿಂದ ಅಂಡರ್‌ಟೇಕರ್ ಎಸೀತಾನೆ, ಮ್ಯಾನ್‌ಕೈಂಡ್ ಪಾತ್ರದ ಮಿಕ್ ಫೋಲಿ ಗಾಳೀಲಿ ತೇಲಿ ಸ್ಪ್ಯಾನಿಷ್ ಕಾಮೆಂಟರಿ ಟೇಬಲ್ ಮೇಲೆ ಬೀಳ್ತಾನೆ, ಕಾಮೆಂಟೇಟರ್ ಜಿಮ್ ರಾಸ್ ಗಂಟಲು ಹರ್ಕೊಂಡು ‘ಆ್ಯಸ್ ಗಾಡ್ ಆ್ಯಸ್ ಮೈ ವಿಟ್ನೆಸ್, ಹಿ ಈಸ್ ಬ್ರೋಕನ್ ಇನ್ ಹಾಫ್’ ಅಂತ ಕಿರುಚ್ತಾನೆ. ಅದು ಪಂದ್ಯ ಶುರುವಾಗಿ ಎರಡು ನಿಮಿಷ ಆಗೋದ್ರೊಳಗೆ ಮುಗಿದು ಹೋಗುತ್ತೆ.

ಈಗ ನೋಡಿದಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಎರಡನೇ ಸಲ ಪಂಜರದ ಚಾವಣಿಯೇ ಕಿತ್ತು ಫೋಲಿ ರಿಂಗ್ ಒಳಗೆ ಬೀಳ್ತಾನಲ್ಲ, ಅದಾದ ಮೇಲೆ ಫೋಲಿಯ ಗೆಳೆಯ, ಹಿರಿಯ ರಸ್ಲರ್ ಟೆರಿ ಫಂಕ್ ಒಳಗೆ ನುಗ್ಗಿ ಅಂಡರ್‌ಟೇಕರ್ ಎದುರು ನಿಲ್ತಾನೆ. ಚೋಕ್‌ಸ್ಲ್ಯಾಮ್ (ಕತ್ತು ಹಿಡಿದೆತ್ತಿ ಕೆಡವೋ ಪಟ್ಟು) ತಿಂತಾನೆ, ಕಾಲಲ್ಲಿದ್ದ ಶೂ ಹಾರಿ ಹೋಗುತ್ತೆ. ಚಿಕ್ಕೋರಿದ್ದಾಗ ನಾವು ಆ ಶೂ ನೋಡಿ ನಗ್ತಿದ್ವಿ. ಈಗ ಗೊತ್ತಾಗುತ್ತೆ, ಆ ಮುದುಕ ಅಲ್ಲಿ ಟೈಮ್ ಕೊಡಿಸ್ತಾ ಇದ್ದ. ಬಿದ್ದವನಿಗೆ ಎಚ್ಚರ ಬರೋಕೆ, ಬಂದಿಲ್ಲ ಅಂದ್ರೆ ಪಂದ್ಯ ನಿಲ್ಲಿಸೋಕೆ. ಇಡೀ ಪಂದ್ಯದಲ್ಲಿ ನನಗೆ ಅತಿ ದೊಡ್ಡ ಭಾಗ ಈಗ ಅದೇ.

ಒಪ್ತೀರಾ, ಇಲ್ಲ ವಯಸ್ಸಾಯ್ತು ಅಂತೀರಾ?

ಹುಬ್ಬಳ್ಳಿ_ಹೈದ

ವಯಸ್ಸಾತು ನಿಂಗ. ಮ್ಯಾಲಿಂದ ಬಿದ್ದಾಂವನ್ನ ಬಿಟ್ಟು ಶೂ ನೋಡಾಕತ್ತೀಯಲ್ಲೋ ಮಾರಾಯ!

ತಮಾಷಿ ಬಿಡು. ಮೊದಲನೇ ಬೀಳು ಸಣ್ಣದಲ್ಲ. ಅದರ ಹಿಂದಿನ ಕಥೀ ಗೊತ್ತೈತೇನು? 1997 ಅಕ್ಟೋಬರ್‌ದಾಗ ಸೇಂಟ್ ಲೂಯಿಸ್‌ನ್ಯಾಗ ಮೊದಲನೇ ಹೆಲ್ ಇನ್ ಎ ಸೆಲ್ ಆಗಿತ್ತು, ಶಾನ್ ಮೈಕಲ್ಸ್ ಮತ್ತ ಅಂಡರ್‌ಟೇಕರ್. ಅದು ಎಷ್ಟ್ ಚಂದ ಇತ್ತಂದ್ರ, ಅದಕ್ಕ ಸರಿಸಾಟಿ ಕೊಡಾಕ ಆಗಂಗಿಲ್ಲ ಅಂತ ಫೋಲಿಗೆ ಗೊತ್ತಿತ್ತು. ಶಾನ್‌ನಂಗ ಇಂವ ಕುಣೀಲಿಕ್ಕೆ ಬರೂದಿಲ್ಲ, ಅತ್ಲಾಗ ಅಂಡರ್‌ಟೇಕರ್‌ಗ ಕಾಲಿನ ಎಲುಬು ಮುರದಿತ್ತು. ಆ ಟೇಪ್ ನೋಡ್ಕೋತ ಕುಂತಾಗ ಇದೇ ಟೆರಿ ಫಂಕ್ ನಕ್ಕೋತ ಅಂದನಂತ, ಪಂಜರದ ಮ್ಯಾಲಿಂದನ ಶುರು ಮಾಡ್ರಲ್ಲ ಅಂತ. ಮತ್ತ ಮ್ಯಾಲಿಂದ ನಿನ್ನ ಒಗದ್ರ ಹೆಂಗ ಅಂತ. ಫೋಲಿ ಅದನ್ನ ಖರೇನ ಮನಸಿಗೆ ತಗೊಂಡ.

ಅಂದ್ರ ನೋಡ್ರಿ, ಚ್ಯಾಷ್ಟಿ ಮಾಡಿ ಹಳ್ಳಕ್ಕ ದೂಡಿದಾಂವನೂ ಫಂಕ್, ಕೈ ಹಿಡದು ಎತ್ತಾಕ ಬಂದಾಂವನೂ ಫಂಕ್.

ಕಡಲತಡಿಯವ

ಎಂತ ಹೇಳೂದು, ನೀವು ಆ ಎರಡು ಬೀಳನ್ನು ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಮಾರಾಯ್ರೆ. ಮೊದಲನೆಯದ್ದು ಫೋಲಿ ತಾನೇ ಒಪ್ಪಿ, ತಾನೇ ಜಾಗ ನೋಡಿ ಬಿದ್ದದ್ದು. ಅಂಡರ್‌ಟೇಕರ್‌ಗೆ ಅದು ಒಂಚೂರೂ ಮನಸ್ಸಿರಲಿಲ್ಲ, ಫೋಲಿಯ ಒತ್ತಾಯಕ್ಕೆ ಒಪ್ಪಿದ್ದು. ಎರಡನೆಯದ್ದು ಹಾಗಲ್ಲ. ಮೇಲೆ ಚೋಕ್‌ಸ್ಲ್ಯಾಮ್ ಮಾಡುವುದು ಅಂತ ಉಂಟು, ಆದರೆ ಜಾಲರಿ ಪೂರ್ತಿ ಕಿತ್ತು ಮನುಷ್ಯ ಕೆಳಗೆ ಹೋಗುವುದು ಅಂತ ಇರಲಿಲ್ಲ.

ನೀವು ಶುರುವಿನ ನಿಮಿಷವನ್ನೇ ಸರಿಯಾಗಿ ನೋಡಿ. ಇಬ್ಬರೂ ಮೇಲೆ ಹತ್ತಿ ನಿಂತ ಕೂಡಲೇ ಆ ಚಾವಣಿ ಹಳೇ ಹಗ್ಗದ ಮಂಚದ ಹಾಗೆ ಜೋಲುತ್ತದೆ. ಒಂದೊಂದು ಹೆಜ್ಜೆಗೂ ಕಟ್ಟು ಬಿಡುವುದು ಕಾಣುತ್ತದೆ. ಆಗಲೇ ಅವರಿಗೆ ಗೊತ್ತಾಗಿರಬೇಕು ಇದು ನಿಲ್ಲುವ ಜಾತಿಯದ್ದಲ್ಲ ಅಂತ. ಆದರೂ ಮತ್ತೆ ಹತ್ತಿದರು. ಅದೂ ಫೋಲಿ ಭುಜದ ಕೀಲು ತಪ್ಪಿದ್ದರೂ, ಸ್ಟ್ರೆಚರಿನಿಂದ ಎದ್ದು ಬಂದು ಹತ್ತಿದ್ದು!

ಸ್ಪ್ಯಾನರ್_ಸೀನ

ನಾನು ಮೆಕ್ಯಾನಿಕಲ್ ಓದಿದವನು, ಸ್ವಲ್ಪ ಲೆಕ್ಕ ಹಾಕಿಬಿಡ್ತೀನಿ.

ಆ ಕಾಲದ ಪಂಜರದ ಎತ್ತರ 16 ಅಡಿ. ಫೋಲಿ ಬಿದ್ದ ಎತ್ತರ 22 ಅಡಿ ಅಂತಲೂ ಓಡಾಡುತ್ತೆ, ಟಿವಿ ಭಾಷಣದಲ್ಲಿ ಎತ್ತರ ಬೆಳೀತಾನೇ ಹೋಗುತ್ತೆ, ಚಿಕ್ಕೋರಿದ್ದಾಗ ಆಡ್ತಿದ್ದ ರಸ್ಲರ್ ಚಿತ್ರದ ನಮ್ಮ ಟ್ರಂಪ್ ಕಾರ್ಡಿನ ಬೈಸೆಪ್ಸ್ ಇದ್ದ ಹಾಗೆ. 16 ಅಡಿ ಅಂದ್ರೆ 4.9 ಮೀಟರ್. ಟೇಬಲ್ ಎತ್ತರ ಕಳೆದು ನಾಲ್ಕು ಮೀಟರ್ ಬಿದ್ದ ಅಂತಿಟ್ಕೊಂಡ್ರೂ ತಾಗೋ ಹೊತ್ತಿಗೆ ವೇಗ ಗಂಟೆಗೆ 30 ಕಿ.ಮೀ. ದಾಟಿರುತ್ತೆ. ಕಂಪನಿ ಹೇಳೋ ಪ್ರಕಾರ ಫೋಲಿ ತೂಕ 287 ಪೌಂಡ್, ಅಂದ್ರೆ 130 ಕೆ.ಜಿ.

ಈಗ ಎರಡನೆಯದು. ರಿಂಗಿನ ಹಾಸು ನೆಲದಿಂದ ಮೂರು ನಾಲ್ಕು ಅಡಿ ಮೇಲಿರುತ್ತಲ್ಲ, ಹಾಗಾಗಿ ಚಾವಣಿಯಿಂದ ರಿಂಗಿಗೆ ಬಿದ್ದ ದೂರ ಮೊದಲನೆಯದಕ್ಕಿಂತ ಒಂದಿಷ್ಟು ಕಡಿಮೆಯೇ. ಆದ್ರೆ ಟೇಬಲ್ ಮುರಿಯುತ್ತೆ, ಮುರಿಯೋದೇ ಅದರ ಕೆಲಸ, ಏಟಿನ ಅರ್ಧ ಅದು ನುಂಗುತ್ತೆ. ರಿಂಗ್ ಮುರಿಯೋದಿಲ್ಲ. ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ತೆಳ್ಳಗಿನ ಫೋಮ್, ಕ್ಯಾನ್ವಾಸ್. ಸ್ವಲ್ಪ ಬಾಗುತ್ತೆ, ಅಷ್ಟೇ. ಜೊತೆಗೆ ಮೇಲಿದ್ದ ಕಬ್ಬಿಣದ ಕುರ್ಚಿ ಹಿಂದಿಂದೆಯೇ ಬಿದ್ದು ಮುಖಕ್ಕೆ ಬಡೀತು. ಹಲ್ಲು ಮುರಿದು ಅದರ ಚೂರು ಮೂಗಿನ ಹೊಳ್ಳೆ ಸೇರಿದ್ದು ಆಗಲೇ. ನೋಡೋಕೆ ಮೊದಲನೆಯದು ದೊಡ್ಡದು, ಮೈಗೆ ಎರಡನೆಯದು.

ಇನ್ನೊಂದು. ಚೋಕ್‌ಸ್ಲ್ಯಾಮ್ ಅಂದ್ರೆ ತಿನ್ನೋನೂ ಕಾಲು ಒತ್ತಿ ಮೇಲಕ್ಕೆ ಜಿಗೀಬೇಕು, ಇಲ್ಲದಿದ್ರೆ 130 ಕೆ.ಜಿ.ನ ಒಂದು ಕೈಯಲ್ಲಿ ಯಾರೂ ಎತ್ತೋಕಾಗಲ್ಲ. ಅವತ್ತು ಫೋಲಿ ಸುಸ್ತಾಗಿ ಸರಿಯಾಗಿ ಜಿಗೀಲಿಲ್ಲ. ಚೆನ್ನಾಗಿ ಜಿಗಿದಿದ್ರೆ ಗಾಳೀಲಿ ಇನ್ನಷ್ಟು ತಿರುಗಿ ತಲೆ ಕೆಳಗಾಗಿ ಬೀಳ್ತಿದ್ದೆ, ಬದುಕ್ತಿರಲಿಲ್ಲ ಅಂತ ಅವನೇ ಆಮೇಲೆ ಹೇಳಿದ್ದಾನೆ. ಕೆಲಸ ಕೆಟ್ಟದಾಗಿ ಮಾಡಿದ್ದರಿಂದ ಜೀವ ಉಳೀತು.

ಮಟ್ಟಿಮಣ್ಣು

ಎಲ್ಲಾ ಸರಿ, ಆದರೆ ಇದು ಕುಸ್ತಿಯೇ? ನಮ್ಮ ಮನೆಯಲ್ಲಿ ತಾತನ ಕಾಲದಿಂದ ಗರಡಿ. ದಸರಾ ಕುಸ್ತಿ ನೋಡಿ ಬೆಳೆದ ನನಗೆ ಈ ‘ಮೊದಲೇ ನಿರ್ಧಾರವಾದ’ ಆಟದ ಬಗ್ಗೆ ಇಷ್ಟು ಗಂಭೀರ ಚರ್ಚೆ ನಡೆಯುತ್ತಿರುವುದೇ ಸೋಜಿಗ. ಗೆಲ್ಲುವವನು ಯಾರು ಎಂದು ಮೊದಲೇ ಗೊತ್ತಿದ್ದರೆ ಅಲ್ಲೇನಿದೆ ನೋಡುವುದಕ್ಕೆ?

ಟ್ರಂಪ್‌ಕಾರ್ಡ್_ಶೂರ

ಬಯಲಾಟ ನೋಡೋಕೆ ಹೋದಾಗ ಕೀಚಕ ಸಾಯ್ತಾನೋ ಇಲ್ವೋ ಅಂತ ಕಾಯ್ತೀವಾ ಸಾರ್? ಸಾಯ್ತಾನೆ ಅಂತ ಗೊತ್ತು. ಹೇಗೆ ಸಾಯ್ತಾನೆ ಅಂತ ನೋಡೋಕೆ ರಾತ್ರಿಯಿಡೀ ಕೂರ್ತೀವಿ.

ಮಟ್ಟಿಮಣ್ಣು

ಕೀಚಕನ ವೇಷದವನ ಹಲ್ಲು ನಿಜವಾಗಿ ಉದುರುವುದಿಲ್ಲವಲ್ಲ.

ಆದರೂ ಒಂದು ಒಪ್ಪಬೇಕು. ನಮ್ಮಲ್ಲೇ ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ಜಟ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಗೆ ವಜ್ರಮುಷ್ಟಿ. ಯಾರ ತಲೆಯಿಂದ ಮೊದಲು ರಕ್ತ ಚಿಮ್ಮಿತೋ ಅಲ್ಲಿಗೆ ಕಾಳಗ ಮುಗಿಯಿತು. ಕೆಲವೇ ಕ್ಷಣದ ಮಾತು. ಅದನ್ನು ನೋಡಲು ಜನ ಬೆಳಿಗ್ಗೆಯಿಂದ ಕಾಯುತ್ತಾರೆ, ನಾನೂ ಕಾದಿದ್ದೇನೆ. ಹಾಗಾಗಿ ರಕ್ತ ನೋಡುವ ಆಸೆ ಅಮೆರಿಕದವರಿಗೆ ಮಾತ್ರ ಎಂದು ನಾನು ಹೇಳಲಾರೆ. ವ್ಯತ್ಯಾಸವೆಂದರೆ ನಮ್ಮಲ್ಲಿ ರಕ್ತ ಬಂದರೆ ನಿಲ್ಲಿಸುತ್ತಾರೆ.

ಹುಬ್ಬಳ್ಳಿ_ಹೈದ

ಸಾಹೇಬ್ರ, ಅವತ್ತ ರಾತ್ರೀನ ಅದೇ ನಿಯಮದ್ದೊಂದು ಪಂದ್ಯ ಇತ್ತು ಗೊತ್ತೇನ್ರಿ? ಫಸ್ಟ್ ಬ್ಲಡ್. ಸ್ಟೋನ್ ಕೋಲ್ಡ್ ಮತ್ತ ಕೇನ್, ಯಾರಿಗೆ ಮೊದಲ ರಕ್ತ ಬಂತೋ ಅಂವ ಸೋತಂಗ. ಸೋತ್ರ ಮೈಗೆ ಬೆಂಕಿ ಹಚ್ಚಿಕೊಳ್ತೀನಿ ಅಂತ ಕೇನ್ ಆಣಿ ಮಾಡಿದ್ದ. ಗೆದ್ದು ಚಾಂಪಿಯನ್ ಆದ, ಮರುದಿನಾನ ರಾ ಶೋದಾಗ ಸ್ಟೋನ್ ಕೋಲ್ಡ್‌ಗ ಬೆಲ್ಟ್ ವಾಪಸ್ ಹೋತು. ಈಗ ಅದನ್ನ ಯಾರ್ ನೆನಸ್ತಾರ ಹೇಳ್ರಿ? ಮುಖ್ಯ ಪಂದ್ಯ ಅದು! ಫೋಲಿ ಬಿದ್ದದ್ದರ ಮುಂದ ಅದು ಪೂರಾ ಮುಚ್ಚಿ ಹೋತು.

ಇನ್ನೊಂದ್ ಕೇಳ್ರಿ. ಅಷ್ಟ್ ಬಡಿಸ್ಕೊಂಡ ಮ್ಯಾಲೂ ಫೋಲಿ ಆ ಮುಖ್ಯ ಪಂದ್ಯದಾಗ ಮತ್ತ ಬಂದ! ಸ್ಟೋನ್ ಕೋಲ್ಡ್ ಮ್ಯಾಲೆ ಹಲ್ಲೆ ಮಾಡಾಕ. ಕಥೀವಳಗ ಬರದಿತ್ತು, ಬಂದ. ದವಾಖಾನಿಗಿ ಹೋಗೂದ್ ಬಿಟ್ಟು.

ಮಾತ್ರೆಚೀಟಿ

ಫಿಸಿಯೋಥೆರಪಿಸ್ಟ್ ನಾನು. ಅಣ್ಣನ ಜೊತೆ ಕೂತು ರಸ್ಲಿಂಗ್ ನೋಡಿ ಬೆಳೆದವಳು. ಹುಡುಗೀರು ಇದನ್ನ ನೋಡಲ್ಲ ಅಂತ ಯಾರೂ ಶುರು ಮಾಡಬೇಡಿ.

ಈ ಸಲ ನೋಡಿದಾಗ ನನಗೆ ಭುಜಕ್ಕಿಂತ, ಹಲ್ಲಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆಮೇಲಿನ ಫೋಲಿಯ ನಡಿಗೆ. ಎರಡನೇ ಬೀಳಿನ ನಂತರ ಅವನ ಕಾಲುಗಳು ಅವನ ಮಾತು ಕೇಳ್ತಿಲ್ಲ. ಹಗ್ಗ ಹಿಡಿದು ಎದ್ದು ನಿಲ್ತಾನೆ, ಅಂಡರ್‌ಟೇಕರ್ ಹೊಡೀತಾನೆ, ಅವನು ತಿರುಗಿ ಹೊಡೀತಾನೆ, ಆದ್ರೆ ಕಣ್ಣು ಅಲ್ಲಿಲ್ಲ. ಪಂದ್ಯ ಮುಗಿದ ಮೇಲೆ ಒಳಗೆ ಹೋಗಿ ‘ನಾನು ಮೊಳೆ ಬಳಸಿದ್ನಾ’ ಅಂತ ಕೇಳಿದ್ನಂತೆ. ‘ನಿನ್ನ ತೋಳು ನೋಡ್ಕೋ’ ಅಂದ್ನಂತೆ ಅಂಡರ್‌ಟೇಕರ್. ತೋಳು ತುಂಬಾ ಆ ಮೊಳೆ, ಅಂದ್ರೆ ರಿಂಗಲ್ಲಿ ಸುರಿದಿದ್ದ ಡ್ರಾಯಿಂಗ್ ಪಿನ್ನುಗಳು. ಇದನ್ನ ತಮಾಷೆ ಕಥೆಯಾಗಿ ಎಲ್ಲರೂ ಹೇಳ್ತಾರೆ, ಫೋಲಿಯೇ ವೇದಿಕೆ ಮೇಲೆ ಹೇಳಿ ನಗಿಸ್ತಾನೆ. ನನ್ನ ಹತ್ರ ಯಾವ ಪೇಷೆಂಟಾದ್ರೂ ಹೀಗೆ ಹೇಳಿದ್ರೆ ನಾನು ನಗಲ್ಲ. ತಲೆಗೆ ಏಟು ಬಿದ್ದು ಹತ್ತು ನಿಮಿಷದ ನೆನಪು ಅಳಿಸಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಆಟ ಮುಂದುವರಿಸೋದು ಅಂದ್ರೆ ಎರಡನೇ ಏಟಿಗೆ ಬಾಗಿಲು ತೆರೆದಿಟ್ಟ ಹಾಗೇ.

ಇನ್ನು ಆ ‘ನಗು’. ಮೂಲೆಯಲ್ಲಿ ಕೂತು ರಕ್ತ ಸುರಿಯೋ ಬಾಯಲ್ಲಿ ನಗ್ತಾನೆ ಅಂತ ಆ ಚಿತ್ರ ಎಲ್ಲಾ ಕಡೆ ಓಡಾಡುತ್ತೆ. ಅದು ನಗು ಅಲ್ಲ. ಕೆಳತುಟಿಯ ಕೆಳಗೆ ತೂತಾಗಿತ್ತು, ಅದರಲ್ಲಿ ನಾಲಿಗೆ ಹೊರಗೆ ಹಾಕೋಕೆ ನೋಡ್ತಿದ್ದ.

ಟ್ರಂಪ್‌ಕಾರ್ಡ್_ಶೂರ

ಅಯ್ಯೋ ದೇವ್ರೇ. ಆ ಚಿತ್ರ ನನ್ನ ಹಾಸ್ಟೆಲ್ ರೂಮಿನ ಗೋಡೆ ಮೇಲಿತ್ತು.

ಆದ್ರೆ ನೀವು ಹೇಳಿದ್ದರಲ್ಲೇ ನನ್ನ ಫಂಕ್ ವಾದ ಇದೆ ನೋಡಿ. ಫೋಲಿಗೆ ಎಚ್ಚರ ಇಲ್ಲ ಅಂತ ಒಳಗಿದ್ದ ಎಲ್ಲರಿಗೂ ಗೊತ್ತಾಗಿತ್ತು. ಆದ್ರೆ ಸಾವಿರಾರು ಜನ ನೋಡ್ತಿದ್ದಾರೆ, ದುಡ್ಡು ಕೊಟ್ಟು ಟಿವಿಲಿ ನೋಡೋರು ಬೇರೆ. ‘ನಿಲ್ಲಿಸಿ’ ಅಂತ ಯಾರು ಹೇಳ್ತಾರೆ? ಜಿಮ್ ರಾಸ್ ಮೈಕಲ್ಲಿ ಯಾರಾದ್ರೂ ಪಂದ್ಯ ನಿಲ್ಲಿಸ್ರಪ್ಪಾ ಅಂತ ಗೋಗರೀತಾನೆ, ಅದೂ ಆಟದ ಭಾಗ ಅಂತ ನಾವು ಅಂದ್ಕೊಂಡ್ವಿ. ಫಂಕ್‌ಗೆ ಆಗ ವಯಸ್ಸು 53. ಆಟವನ್ನ ಬಿಟ್ಟುಕೊಡದೆ, ಒಳಗೆ ಬಂದು, ತಾನೇ ಒಂದು ಏಟು ತಿಂದು, ಗೆಳೆಯನಿಗೆ ಉಸಿರಾಡೋಕೆ ಜಾಗ ಮಾಡಿಕೊಟ್ಟ. ನೋಡೋರಿಗೆ ಅದು ಇನ್ನೊಂದು ಮನರಂಜನೆ, ಒಳಗಿನವರಿಗೆ ಅದು ಚಿಕಿತ್ಸೆ. ಈ ಕಸುಬಿನಲ್ಲಿ ಕಾಳಜಿ ತೋರಿಸೋ ರೀತಿಯೇ ಹಾಗೆ, ಹೊಡೆದು ತೋರಿಸಬೇಕು.

ಅಂಡರ್‌ಟೇಕರ್‌ನೂ ನೋಡಿ. ಚಾವಣಿಯ ತೂತಿನಂಚಲ್ಲಿ ನಿಂತು ಕೆಳಗೆ ನೋಡ್ತಾನೆ. ಪಾತ್ರದ ಪ್ರಕಾರ ಅವನು ಸಾವಿನ ದೇವತೆ, ಮುಖದಲ್ಲಿ ಏನೂ ಕಾಣಬಾರದು. ಸತ್ತೇ ಹೋದ ಅಂತ ಆಗ ನಿಜವಾಗಿ ಅಂದ್ಕೊಂಡಿದ್ದೆ ಅಂತ ಆಮೇಲೆ ಹೇಳಿದ್ದಾನೆ. ಮುರಿದ ಕಾಲಿಟ್ಕೊಂಡೇ ಆ ತೂತಿನಿಂದ ಒಳಗೆ ಧುಮುಕ್ತಾನೆ.

ಕಡಲತಡಿಯವ

ಅಂಡರ್‌ಟೇಕರ್ ಸಾವಿನ ದೇವತೆ ಅಂದದ್ದಕ್ಕೆ ನೆನಪಾಯಿತು. ನಮ್ಮ ಶಾಲೆಯಲ್ಲಿ ಅವ ಏಳು ಸಲ ಸತ್ತು ಎದ್ದು ಬಂದವ ಅಂತ ಗಟ್ಟಿ ನಂಬಿಕೆ ಇತ್ತು. ಇಂಟರ್‌ನೆಟ್ ಇಲ್ಲದ ಕಾಲ, ಕೇಳುವುದು ಯಾರ ಹತ್ತಿರ? ಆದರೆ ಆ ಸುದ್ದಿ ಬರೇ ಗಾಳಿಯಿಂದ ಹುಟ್ಟಿದ್ದಲ್ಲ ಅಂತ ಈಗ ಗೊತ್ತಾಗುತ್ತದೆ. 1996ರ ಅಕ್ಟೋಬರಿನಲ್ಲಿ ಮೊದಲ ಬರೀಡ್ ಅಲೈವ್ (ಎದುರಾಳಿಯನ್ನು ಗುಂಡಿಗೆ ಹಾಕಿ ಹೂಳುವ) ಪಂದ್ಯ ಆದದ್ದು ಇವರಿಬ್ಬರ ನಡುವೆಯೇ. ಅಂಡರ್‌ಟೇಕರ್ ಗೆದ್ದ, ಮತ್ತೆ ಉಳಿದವರೆಲ್ಲ ಸೇರಿ ಅವನನ್ನು ಮಣ್ಣು ಮುಚ್ಚಿ ಹೂತರು. ಇಲ್ಲಿ ತುಂಡು ತುಂಡಾಗಿ ನೋಡಿದ ಮಕ್ಕಳಿಗೆ ಮತ್ತೆ ಎಂತ ಅನ್ನಿಸಬೇಕು?

ಮತ್ತೊಂದು, ಅದೇ ವರ್ಷದ ಅಕ್ಷಯ್ ಕುಮಾರನ ಹಿಂದಿ ಪಿಕ್ಚರಿನಲ್ಲಿ ಅಂಡರ್‌ಟೇಕರ್ ಬಂದಿದ್ದಾನೆ ಅಂತ ನಾವು ಕುಣಿದದ್ದೇ ಕುಣಿದದ್ದು. ಅದು ಅವನೇ ಅಲ್ಲ! ಬ್ರಯಾನ್ ಲೀ ಅಂತ ಬೇರೆ ಜನ. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆದವನೂ ಅವನೇ.

ಸ್ಪ್ಯಾನರ್_ಸೀನ

ಗುರುವೇ, ಬಾಲ್ಯಕ್ಕೆ ಇವತ್ತು ಎಷ್ಟು ಕಲ್ಲು ಹೊಡೀತೀರ. ಆ ನಗು ಹೋಯ್ತು, ಅಕ್ಷಯ್ ಕುಮಾರ್ ಹೋದ. ಇನ್ನು ಟ್ರಂಪ್ ಕಾರ್ಡ್ ರ್ಯಾಂಕ್ ಸುಳ್ಳು ಅಂತ ಮಾತ್ರ ಯಾರೂ ಹೇಳಬೇಡಿ.

ಪೆನ್ಸಿಲ್ವೇನಿಯಾ_ಪುಟ್ಟಣ್ಣ

ಪಿಟ್ಸ್‌ಬರ್ಗ್ ಹೆಸರು ಕಂಡು ಬಂದೆ. ಎಂ.ಎಸ್. ಮಾಡಿದ್ದು ಇಲ್ಲಿಯೇ, ಕೆಲಸವೂ ಇಲ್ಲಿಯೇ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ನಮ್ಮ ಜನ ದೂರದ ಊರುಗಳಿಂದ ಬರುತ್ತಾರೆ. ಊರಿನಿಂದ ಬಂದ ಗೆಳೆಯರಿಗೆ ಆ ದೇವಸ್ಥಾನ ತೋರಿಸಿದ ಮೇಲೆ ನಾನು ಕೇಳುವ ಪ್ರಶ್ನೆ, ‘ಮ್ಯಾನ್‌ಕೈಂಡ್ ಬಿದ್ದ ಜಾಗ ನೋಡ್ತೀಯಾ?’

ನೋಡಲು ಅಲ್ಲಿ ಏನೂ ಇಲ್ಲ. ಸಿವಿಕ್ ಅರೀನಾವನ್ನು 2012ರ ಹೊತ್ತಿಗೆ ಪೂರ್ತಿ ಕೆಡವಿದರು. ಉಕ್ಕಿನ ದೊಡ್ಡ ಗುಮ್ಮಟ, ಇಗ್ಲೂ ಅಂತ ಕರೆಯುತ್ತಿದ್ದರು, ಚಾವಣಿ ಮಡಚಿಕೊಳ್ಳುವ ಹಾಗೆ ಕಟ್ಟಿದ್ದು. ಹಾಕಿ ತಂಡ ಪೆಂಗ್ವಿನ್ಸ್ ಆಡುತ್ತಿದ್ದದ್ದು ಅಲ್ಲೇ. ಕಟ್ಟುವಾಗ ಕರಿಯರ ಇಡೀ ಬಡಾವಣೆಯನ್ನೇ ಎಬ್ಬಿಸಿದ್ದರು, ಹಿಲ್ ಡಿಸ್ಟ್ರಿಕ್ಟ್‌ನ ಕೆಳಭಾಗ. ಇಲ್ಲಿನ ಹಳಬರಿಗೆ ಆ ಕಟ್ಟಡ ಅಂದರೆ ಮೊದಲು ನೆನಪಾಗುವುದು ಅದು, ರಸ್ಲಿಂಗ್ ಅಲ್ಲ. ನಾನು ಬಂದಾಗ ಅಲ್ಲಿ ಕಾರು ನಿಲ್ಲಿಸುವ ಬಯಲು.

ನಿದ್ದೆಗೇಡಿ_ನಾಗ

ಒಂದು ತಕರಾರು. ಇದನ್ನ ‘ಶ್ರೇಷ್ಠ ಪಂದ್ಯ’ ಅಂತ ಕರೆಯೋದನ್ನ ನಾನು ಒಪ್ಪಲ್ಲ. ಇದು ಶ್ರೇಷ್ಠ ಅಪಘಾತ. ಎರಡು ಬೀಳು ತೆಗೆದುಬಿಟ್ರೆ ಉಳಿಯೋದೇನು? ಮೆಟ್ಟಿಲಲ್ಲಿ ಬಡಿಯೋದು, ಅಂಡರ್‌ಟೇಕರ್ ಹಗ್ಗದ ನಡುವಿಂದ ಹಾರಿ ಜಾಲರಿಗೆ ಹಣೆ ಒಡ್ಕೊಳ್ಳೋದು, ಕುರ್ಚಿ ಮೇಲೆ ಪೈಲ್‌ಡ್ರೈವರ್, ಮೊಳೆ, ಟೂಂಬ್‌ಸ್ಟೋನ್ (ಎರಡೂ ತಲೆಕೆಳಗು ಮಾಡಿ ಇಳಿಸೋ ಪಟ್ಟು). ಮುಗೀತು. ಹಾರ್ಡ್‌ಕೋರ್, ಅಂದ್ರೆ ಕುರ್ಚಿ ಮೊಳೆ ಎಲ್ಲಾ ಬಳಸೋ ರಸ್ಲಿಂಗ್‌ಗೂ, ಕಥೆ ಇರಬೇಕು. ಫೋಲಿಯ ನಿಜವಾದ ಶ್ರೇಷ್ಠ ಪಂದ್ಯ 2000ದ ಜನವರಿ 23, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ರಸ್ಲರ್ ಟ್ರಿಪಲ್ ಎಚ್ ಜೊತೆ ಸ್ಟ್ರೀಟ್ ಫೈಟ್, ಅಂದ್ರೆ ನಿಯಮ ಇಲ್ಲದ ಪಂದ್ಯ. ಅದರಲ್ಲಿ ಪ್ರತಿ ಏಟಿಗೂ ಒಂದು ಕಾರಣ ಇದೆ.

ಹಿಂದಿನ ವರ್ಷದ ರಾಯಲ್ ರಂಬಲ್ ಶೋನಲ್ಲಿ ರಾಕ್ ಅನ್ನೋ ರಸ್ಲರ್ ಫೋಲಿ ಕೈಗೆ ಕೋಳ ಹಾಕಿ ತಲೆಗೆ ಕುರ್ಚಿ ಬೀಸಿದ್ದ, ಒಂದಲ್ಲ ಎರಡಲ್ಲ, ಹತ್ತು ದಾಟಿದ ಮೇಲೆ ಲೆಕ್ಕ ತಪ್ಪುತ್ತೆ. ಹೆಂಡತಿ ಮಕ್ಕಳು ರಿಂಗ್ ಪಕ್ಕದಲ್ಲೇ ಕೂತು ಅಳ್ತಿದ್ರು. ಒಂದು ವರ್ಷ ಆದ ಮೇಲೆ ಟ್ರಿಪಲ್ ಎಚ್ ಮತ್ತೆ ಅದೇ ಕೋಳ ಹಾಕ್ತಾನೆ. ನೋಡೋನ ಹೊಟ್ಟೆ ಕಿವುಚುತ್ತೆ, ಆಗ ಅದೇ ರಾಕ್ ಬಂದು ಟ್ರಿಪಲ್ ಎಚ್‌ಗೆ ಕುರ್ಚಿ ಬೀಸ್ತಾನೆ, ಪೊಲೀಸ್ ಕೋಳ ಬಿಚ್ತಾನೆ. ಕಥೆ ಕಟ್ಟೋದು ಅಂದ್ರೆ ಇದು.

ಹುಬ್ಬಳ್ಳಿ_ಹೈದ

ನಾಗಣ್ಣ ಹೇಳಿದ್ದು ಖರೇ. ಆದರ 1998 ಇರಲಿಲ್ಲಂದ್ರ 2000 ಇರತಿರಲಿಲ್ಲ. ಮ್ಯಾನ್‌ಕೈಂಡ್ ಮುಖವಾಡ ಹರದು ಫೋಲಿ ತನ್ನ ಹಳೇ ಪಾತ್ರ ಕ್ಯಾಕ್ಟಸ್ ಜ್ಯಾಕ್ ಆದಾಗ ಟ್ರಿಪಲ್ ಎಚ್ ಮಾರಿ ಬಿಳಚ್ಕೋತೈತಲ್ಲ, ಆ ಹೆದರಿಕಿ ಎಲ್ಲಿಂದ ಬಂತು? ‘ಈ ಮನುಷ್ಯಾನ್ನ ಎಷ್ಟ್ ಹೊಡದ್ರೂ ಏಳ್ತಾನ’ ಅನ್ನೂದು ಪಿಟ್ಸ್‌ಬರ್ಗ್‌ನ್ಯಾಗ ರುಜುವಾತಾಗಿತ್ತು.

ಹಾರ್ಡ್‌ಕೋರ್‌ದ ಬೇರು ಬೇಕಂದ್ರ ಇನ್ನೂ ಹಿಂದಕ್ಕ ಹೋಗ್ರಿ. 1995 ಆಗಸ್ಟ್ 20, ಜಪಾನಿನ ಕವಾಸಾಕಿ ಸ್ಟೇಡಿಯಂ, ಕಿಂಗ್ ಆಫ್ ದ ಡೆತ್ ಮ್ಯಾಚ್ ಫೈನಲ್. ಯಾರ್ಯಾರು? ಇದೇ ಫೋಲಿ, ಇದೇ ಫಂಕ್. ಹಗ್ಗದ ಬದಲಿ ಮುಳ್ಳುತಂತಿ, ಸಿಡಿಯೋ ಹಲಗಿ, ಕಡೀಕ ಇಡೀ ರಿಂಗ್ ಸಿಡೀಬೇಕು ಅಂತ ಟೈಮ್ ಬಾಂಬ್ ಇಟ್ಟಿದ್ರು, ಅದು ಪುಸ್ ಅಂತು ಅಷ್ಟ. ದೀಪಾವಳಿ ಪಟಾಕಿನ ವಾಸಿ. ಆದರ ಆ ಇಬ್ಬರ ಮೈಮ್ಯಾಲಿನ ಗಾಯ ಸುಳ್ಳಲ್ಲ. ಮುಂದ ಮೂರ ವರ್ಷಕ್ಕ ಫಂಕ್ ಪಿಟ್ಸ್‌ಬರ್ಗ್‌ನ್ಯಾಗ ಯಾಕ ಓಡಿ ಬಂದ ಅಂತ ತಿಳೀಬೇಕಂದ್ರ ಇದನ್ನ ಮೊದಲ ನೋಡ್ರಿ.

ಮಾತ್ರೆಚೀಟಿ

ನಾಗ ಅವರು ಕೋಳದ ಪಂದ್ಯದ ವಿಷಯ ತೆಗೆದಿದ್ದು ಒಳ್ಳೇದಾಯ್ತು. 1998ರ ಬೀಳನ್ನ ನಾನು ಇವತ್ತಿಗೂ ನೋಡಬಲ್ಲೆ. 1999ರ ಆ ಕುರ್ಚಿ ಏಟುಗಳನ್ನ ನೋಡೋಕೆ ಆಗಲ್ಲ. ಕೈ ಹಿಂದೆ ಕಟ್ಟಿದ್ರೆ ತಲೆ ಅಡ್ಡ ಹಿಡಿಯೋಕೆ ಕೈಯೇ ಇರಲ್ಲ, ಪ್ರತಿ ಏಟೂ ನೇರ. 2007ರಲ್ಲಿ ರಸ್ಲರ್ ಕ್ರಿಸ್ ಬೆನ್ವಾ ಮನೆಯಲ್ಲಿ ಹೆಂಡತಿ ಮಗನನ್ನ ಕೊಂದು ತಾನೂ ಸತ್ತದ್ದು, ಆಮೇಲೆ ಅವನ ಮೆದುಳನ್ನ ಪರೀಕ್ಷೆ ಮಾಡಿದಾಗ ಕಂಡದ್ದು, ಎಲ್ಲಾ ಗೊತ್ತಾದ ಮೇಲೆ ತಲೆಗೆ ಕುರ್ಚಿ ಏಟು ಅಂದ್ರೆ ನನಗೆ ಆಟವಾಗಿ ಕಾಣೋದೇ ಇಲ್ಲ. 2010ರಲ್ಲಿ ಕಂಪನಿಯೂ ಅದನ್ನ ನಿಷೇಧಿಸಿತು. ಇಷ್ಟು ತಡ ಮಾಡಬೇಕಿರಲಿಲ್ಲ.

ಅವತ್ತು ಪಿಟ್ಸ್‌ಬರ್ಗ್‌ನಲ್ಲಿ ಕಂಪನಿ ಮುಖ್ಯಸ್ಥ ವಿನ್ಸ್ ಮೆಕ್‌ಮಹನ್ ಫೋಲಿ ಹತ್ರ ಬಂದು, ಕಂಪನಿಗಾಗಿ ನೀನು ಮಾಡಿದ್ದಕ್ಕೆ ಋಣಿ, ಆದ್ರೆ ಇಂಥದ್ದನ್ನ ಇನ್ನೊಮ್ಮೆ ನೋಡೋಕೆ ಇಷ್ಟ ಇಲ್ಲ ಅನ್ನೋ ಅರ್ಥದ ಮಾತು ಹೇಳಿದ್ನಂತೆ. ಅದಾಗಿ ಏಳು ತಿಂಗಳಿಗೆ ಆ ಕೋಳದ ಪಂದ್ಯ ನಡೀತು. ಅದೇ ಕಂಪನಿ, ಅದೇ ಮನುಷ್ಯ.

ಟ್ರಂಪ್‌ಕಾರ್ಡ್_ಶೂರ

ಇದಕ್ಕೆ ನಾವೂ ಹೊರಗಿನವರಲ್ಲ ಅನ್ನೋದೇ ನನಗೆ ಚುಚ್ಚೋದು. ಫೋಲಿಗೆ ಇದು ಮೊದಲೇ ಗೊತ್ತಿತ್ತು. 1995ರಲ್ಲಿ ಅವನು ಫಿಲಡೆಲ್ಫಿಯಾದ ಇಸಿಡಬ್ಲ್ಯು ಕಂಪನೀಲಿದ್ದಾಗ, ಅಲ್ಲಿನ ಪ್ರೇಕ್ಷಕ ಒಬ್ಬ ಒಂದು ಫಲಕ ಹಿಡಿದು ನಿಂತಿದ್ದ. ‘ಕೇನ್ ಡ್ಯೂಯಿ’, ಡ್ಯೂಯಿಗೆ ಬೆತ್ತದಲ್ಲಿ ಬಾರಿಸಿ ಅಂತ. ಡ್ಯೂಯಿ ಅಂದ್ರೆ ಫೋಲಿಯ ಮಗ, ಪುಟ್ಟ ಮಗು ಆಗ. ಅದನ್ನ ನೋಡಿ ಅವನಿಗೆ ಏನೋ ಮುರಿದು ಹೋಯ್ತು. ಆಮೇಲೆ ಕ್ಯಾಮೆರಾ ಮುಂದೆ ನಿಂತು ಮಾತಾಡಿದ್ದಾನೆ ನೋಡಿ, ಹಾರ್ಡ್‌ಕೋರ್ ಬಗ್ಗೆ ಹಾರ್ಡ್‌ಕೋರ್ ಆಟಗಾರನೇ ಮಾಡಿದ ಅತಿ ಕಟುವಾದ ಟೀಕೆ ಅದು. ನಿಮಗೆ ರಕ್ತ ಬೇಕು, ನನ್ನ ಮೈ ಬೇಕು, ನನ್ನ ಮಗನ್ನೂ ಬಿಡಲ್ವಾ ಅನ್ನೋ ಧಾಟಿ. ಪಾತ್ರ ಮಾತಾಡ್ತಿದೆಯೋ ಮನುಷ್ಯ ಮಾತಾಡ್ತಿದ್ದಾನೋ ಹೇಳೋಕಾಗಲ್ಲ.

ಹಾಗೆ ಮಾತಾಡಿದವನೇ ಮೂರು ವರ್ಷ ಆದ ಮೇಲೆ ಪಂಜರ ಹತ್ತಿದ. ಯಾಕೆ? ನನಗನ್ನಿಸೋದು 1983ರ ಕಥೆ. ಕಾಲೇಜು ಹುಡುಗ ಫೋಲಿ ಲಿಫ್ಟ್ ಕೇಳ್ಕೊಂಡು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಹೋಗಿದ್ದ. ಅವತ್ತು ಜಿಮ್ಮಿ ಸ್ನೂಕಾ ಕಬ್ಬಿಣದ ಪಂಜರದ ತುದಿಯಿಂದ ಡಾನ್ ಮುರಾಕೊ ಮೇಲೆ ಹಾರಿದ. ಅದನ್ನ ನೋಡಿದ ಮೇಲೆ ಬದುಕಲ್ಲಿ ಇದನ್ನೇ ಮಾಡಬೇಕು ಅಂತ ನಿರ್ಧಾರ ಆಯ್ತಂತೆ. ಬೇರೆಯವರು ಹಾರೋ ಕನಸು ಕಾಣ್ತಾರೆ. ಇವನ ಮೈಕಟ್ಟಿಗೆ ಒಗ್ಗಿದ್ದು ಬೀಳೋದು.

ಮಟ್ಟಿಮಣ್ಣು

ನಿಮ್ಮೆಲ್ಲರ ಗಲಾಟೆಗೆ ಸೋತು ನಿನ್ನೆ ರಾತ್ರಿ ನಾನೂ ನೋಡಿದೆ. ಮೊದಲ ಬಾರಿ.

ಮೊಳೆ, ಕುರ್ಚಿ ನನಗೆ ಹಿಡಿಸಲಿಲ್ಲ. ಗರಡಿಯಲ್ಲಿ ಇದಕ್ಕೆ ಜಾಗವಿಲ್ಲ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಒಂದು ವಿಷಯ ಪೈಲ್ವಾನನ ಕಣ್ಣಿಗೆ ಬೀಳುವಂಥದ್ದು ಹೇಳುತ್ತೇನೆ. ಕೊನೆಯ ಭಾಗದಲ್ಲಿ ಆ ಎತ್ತರದ ಮನುಷ್ಯ ಫೋಲಿಯನ್ನು ಹಿಡಿಯುವ ರೀತಿ ನೋಡಿ. ಟೂಂಬ್‌ಸ್ಟೋನ್ ಎಂದು ತಲೆಕೆಳಗು ಮಾಡಿ ಇಳಿಸುತ್ತಾನಲ್ಲ, ಅಲ್ಲಿ ಅವನ ಎರಡೂ ಕೈ ಸೊಂಟವನ್ನು ಬಿಗಿಯಾಗಿ ತಬ್ಬಿವೆ, ಮಂಡಿ ಮೊದಲು ನೆಲ ಮುಟ್ಟುತ್ತದೆ, ಬಿದ್ದವನ ತಲೆಗೂ ನೆಲಕ್ಕೂ ನಡುವೆ ಜಾಗ ಉಳಿದಿದೆ. ಅಷ್ಟೆಲ್ಲ ಆದ ಮೇಲೂ, ತನ್ನ ಕಾಲು ಮುರಿದಿದ್ದರೂ, ಆ ಹಿಡಿತ ಸಡಿಲವಾಗಿಲ್ಲ. ಜೊತೆಗಾರನನ್ನು ಕಾಯುವ ಕೈ ಅದು. ಅಷ್ಟರ ಮಟ್ಟಿಗೆ ಅವನು ವಸ್ತಾದಿಯ ಕೈಯಲ್ಲಿ ಪಳಗಿದವನೇ ಎಂದು ಒಪ್ಪುತ್ತೇನೆ.

ಶೂ ಕಳೆದುಕೊಂಡ ಆ ಮುದುಕನೂ ಚೆನ್ನಾಗಿದ್ದಾನೆ.

ಹುಬ್ಬಳ್ಳಿ_ಹೈದ

ಮೈಸೂರಾಗ ವಿಕೆಟ್ ಬಿತ್ತಲೇ! 😄

ಆ ‘ಮುದುಕ’ 2023 ಆಗಸ್ಟ್‌ದಾಗ ತೀರ್ಕೊಂಡ ಸಾಹೇಬ್ರ, 79 ಆಗಿತ್ತು. ಎಷ್ಟೋ ಸಲ ನಿವೃತ್ತಿ ಆದೆ ಅಂತ ಹೇಳಿ ಅಷ್ಟೂ ಸಲ ಮತ್ತ ಬಂದಾಂವ. ನಮ್ಮ ಕೆಲವು ರಾಜಕಾರಣಿಗಳಂಗ.

ಕಡಲತಡಿಯವ

ಹಾಗಾದರೆ ಮುಂದೆ ಎಂತ ನೋಡುವುದು? ನಾಗಣ್ಣ ಹೇಳಿದ 2000ದ ಸ್ಟ್ರೀಟ್ ಫೈಟೋ, ಕವಾಸಾಕಿಯೋ? ಕವಾಸಾಕಿಯದ್ದರ ವಿಡಿಯೋ ಭಾರೀ ಮಸುಕು ಉಂಟು, ಮೊದಲೇ ಹೇಳಿಡುತ್ತೇನೆ.

ನಿದ್ದೆಗೇಡಿ_ನಾಗ

ಸ್ಟ್ರೀಟ್ ಫೈಟ್. ಚರ್ಚೆಯೇ ಬೇಡ. ನೋಡುವಾಗ ಟ್ರಿಪಲ್ ಎಚ್‌ನ ಮೀನಖಂಡದ ಮೇಲೆ ಒಂದು ಕಣ್ಣಿಡಿ. ಮರದ ಹಲಗೆ ಚುಚ್ಚಿ ತೂತಾಗಿದೆ, ರಕ್ತ ಬರ್ತಾನೇ ಇದೆ. ಅದು ಕಥೇಲಿ ಇಲ್ಲದ ಗಾಯ, ಅವನು ಅದನ್ನ ಒಮ್ಮೆಯೂ ತೋರಿಸ್ಕೊಳ್ಳಲ್ಲ.

ಮಾತ್ರೆಚೀಟಿ

ಸ್ಟ್ರೀಟ್ ಫೈಟ್‌ಗೆ ನನ್ನ ಓಟು. ಭಾನುವಾರ ಅಣ್ಣನೂ ಬರ್ತಾನೆ. ಅವನಿಗೆ ಆ ನಗುವಿನ ವಿಷಯ ಯಾರೂ ಹೇಳಬೇಡಿ, ಟೀ ಶರ್ಟ್ ಮೇಲೆ ಅದನ್ನೇ ಹಾಕಿಸ್ಕೊಂಡಿದ್ದಾನೆ.

ಟ್ರಂಪ್‌ಕಾರ್ಡ್_ಶೂರ

ಸರಿ, ಭಾನುವಾರ ರಾತ್ರಿ 9ಕ್ಕೆ ಎಲ್ಲರೂ ಒಟ್ಟಿಗೆ ಶುರು ಮಾಡೋಣ. ಪುಟ್ಟಣ್ಣ, ನಿಮಗೆ ಅದು ಬೆಳಗಿನ ಹೊತ್ತಾಗುತ್ತೆ. ತಿಂಡಿ ಮೊದಲೇ ಮುಗಿಸ್ಕೊಂಡು ಕೂರಿ, ಅದರಲ್ಲೂ ಮೊಳೆ ಇದೆ.